ರೂಟ್ ಇಲ್ಲದ ಊರಿಗೆ

ಮಲೆನಾಡಿನ ಮಳೆಗಾಲದಲ್ಲಿ ಬಸ್ಸಿನ ರೂಟ್ ಬಂದ್ ಆಗೋದು ಹೊಸದೇನಲ್ಲ. ಎಲ್ಲೋ ಮರ ಬಿದ್ದಿರುತ್ತೆ, ಕಂಡಕ್ಟರ್ "ಮುಂದೆ ಹೋಗಲ್ಲ, ಇಲ್ಲೇ ಇಳ್ಕೊಳಿ" ಅಂತಾನೆ, ನಾವು ಕೊಡೆ ಬಿಚ್ಚಿ ನಡೀತೀವಿ. 2018ರ ಜುಲೈನಲ್ಲಿ ನನಗೆ ಎದುರಾಗಿದ್ದು ಬೇರೆ ಥರದ ರೂಟ್ ಸಮಸ್ಯೆ. ಬಸ್ಸು ಸರಿಯಾಗಿಯೇ ಊರು ಮುಟ್ಟಿಸಿತು. ಆದರೆ ಆ ಊರಲ್ಲಿದ್ದ ಒಂದು ಲಿನಕ್ಸ್ ಸರ್ವರಿನ ರೂಟ್ ಪಾಸ್‌ವರ್ಡ್ ಭೂಮಿ ಮೇಲೆ ಯಾರಿಗೂ ಗೊತ್ತಿರಲಿಲ್ಲ.

ಶುರುವಾಗಿದ್ದು ಒಂದು ಫೋನಿನಿಂದ. ಶಿವಮೊಗ್ಗ ಜಿಲ್ಲೆಯ ಒಂದು ಸಣ್ಣ ಊರು, ಅಲ್ಲೊಂದು ಖಾಸಗಿ ವಾಚನಾಲಯ. ಹೆಸರು ಬೇಡ ಬಿಡಿ. ಅದರ ಕಾರ್ಯದರ್ಶಿಗಳು ನಮ್ಮ ಚಿಕ್ಕಪ್ಪನ ಸ್ನೇಹಿತರು.

"ಮಾರಾಯ, ನೀನು ಬೆಂಗಳೂರಲ್ಲಿ ಕಂಪ್ಯೂಟರ್ ರಿಪೇರಿ ಮಾಡೋನಲ್ವಾ? ನಮ್ಮ ಪೆಟ್ಟಿಗೆ ಯಾಕೋ ಟಿಕ್ ಟಿಕ್ ಅಂತಿದೆ, ಒಂದ್ಸಲ ಬಂದು ನೋಡು."

ನಾನು ರಿಪೇರಿ ಮಾಡೋನಲ್ಲ, ಸಿಸ್ಟಂ ಅಡ್ಮಿನ್ ಅಂತ ನೆಂಟರಿಗೆಲ್ಲ ಹೇಳಿ ಹೇಳಿ ಸೋತಿದ್ದೇನೆ. ಆದರೆ ಆ 'ಟಿಕ್ ಟಿಕ್' ಕೇಳಿ ಎದೆ ಧಸಕ್ಕೆಂದಿತು. ಹಾರ್ಡ್ ಡಿಸ್ಕು ಹಾಗೆ ಸದ್ದು ಮಾಡಲು ಶುರು ಮಾಡಿತು ಅಂದರೆ ವೈದ್ಯರು ಮನೆಯವರನ್ನು ಪಕ್ಕಕ್ಕೆ ಕರೆದು ಮಾತಾಡೋ ಹಂತ ಅಂತಲೇ ಲೆಕ್ಕ. ಬ್ಯಾಕಪ್ ಇದೆಯಾ ಅಂತ ಕೇಳಿದೆ. "ಒಂದು ಸಿಡಿ ಇದೆ, 2011ರದ್ದು" ಅಂದರು. ಶುಕ್ರವಾರ ರಾತ್ರಿಯ ಬಸ್ಸಿಗೆ ಟಿಕೆಟ್ ತೆಗೆದೆ.

ಪೆಟ್ಟಿಗೆಯನ್ನು 2008ರಲ್ಲಿ ಕೂರಿಸಿದವರು ಅದೇ ಊರಿನ ಕಾಲೇಜಿನಿಂದ ನಿವೃತ್ತರಾದ ಒಬ್ಬ ಫಿಸಿಕ್ಸ್ ಮೇಷ್ಟ್ರು. ಸೆಂಟ್‌ಒಎಸ್ 5, ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಎಲ್ಲವನ್ನೂ ಅರವತ್ತು ದಾಟಿದ ಮೇಲೆ ತಾವೇ ಕಲಿತು ಒಂದು ತಂತ್ರಾಂಶ ಬರೆದಿದ್ದರು. ಅದರಲ್ಲಿ ವಾಚನಾಲಯದ ಪುಸ್ತಕಗಳ ಪಟ್ಟಿ ಇತ್ತು. ಅದಕ್ಕಿಂತ ಮುಖ್ಯವಾಗಿ ಹಳೆಯ ಕನ್ನಡ ಮಾಸಪತ್ರಿಕೆಗಳ ಲೇಖನ ಸೂಚಿ ಇತ್ತು. ಯಾವ ವರ್ಷ, ಯಾವ ಸಂಚಿಕೆ, ಯಾರು, ಏನು ಬರೆದರು ಅಂತ ಒಂದೊಂದಾಗಿ ಕೂತು ಟೈಪ್ ಮಾಡಿದ್ದು. ಆ ಪತ್ರಿಕೆಗಳಲ್ಲಿ ಎಷ್ಟೋ ಆಮೇಲೆ ಗೆದ್ದಲು ಹಿಡಿದು ಹೋದವು. ಹಾಗಾಗಿ ಆ ಸೂಚಿ ಹೋದರೆ ಮತ್ತೆ ಮಾಡೋಣ ಅನ್ನುವ ಹಾಗೂ ಇರಲಿಲ್ಲ.

ನನ್ನ ಲೆಕ್ಕಾಚಾರ ಸರಳ: ಈ ಮುದಿ ಪೆಟ್ಟಿಗೆಯನ್ನು ವರ್ಚುವಲ್ ಮಷೀನ್ ಮಾಡಿಬಿಡೋದು. ಇದರ ಪರಿಚಯ ಇಲ್ಲದವರಿಗೆ ಒಂದೇ ಮಾತಲ್ಲಿ ಹೇಳ್ತೀನಿ. ಇಡೀ ಕಂಪ್ಯೂಟರಿನ ಡಿಸ್ಕು ಇನ್ನೊಂದು ಕಂಪ್ಯೂಟರಿನಲ್ಲಿ ಒಂದು ಫೈಲಾಗಿ ಕೂರುತ್ತೆ, ಹಳೆಯ ವ್ಯವಸ್ಥೆ ತಾನಿನ್ನೂ ಕಬ್ಬಿಣದ ಪೆಟ್ಟಿಗೆಯಲ್ಲೇ ಇದ್ದೇನೆ ಅಂದುಕೊಂಡು ಅದರೊಳಗೆ ಓಡ್ತಾ ಇರುತ್ತೆ. ಮುಂದೆ ಕಬ್ಬಿಣ ಕೆಟ್ಟರೆ ಆ ಫೈಲನ್ನು ಎತ್ತಿ ಬೇರೆ ಕಡೆ ಇಟ್ಟರಾಯಿತು.

ಸಲಕರಣೆಗಳೇನೋ ಬೇಕಾದಷ್ಟಿವೆ. ಆದರೆ ಓಡ್ತಾ ಇರೋ ಲಿನಕ್ಸಿಗೆ ವಿಎಂವೇರ್ ಕನ್ವರ್ಟರ್ ಹಚ್ಚಲು ಹೊರಟರೆ ಅದು ಮೊದಲು ಕೇಳೋದೇ ರೂಟ್ ಪಾಸ್‌ವರ್ಡ್. ಡಿಡಿ ಹಾಕಿ ಇಡೀ ಡಿಸ್ಕನ್ನು ನಕಲು ಮಾಡೋಣವೆಂದರೆ ಡಿಸ್ಕನ್ನು ನೇರವಾಗಿ ಓದಲು ರೂಟೇ ಆಗಬೇಕು. ವರ್ಟ್-ಪಿ2ವಿ ಪಾಸ್‌ವರ್ಡ್ ಕೇಳೋದಿಲ್ಲ ನಿಜ, ಆದರೆ ಅದಕ್ಕೆ ಯಂತ್ರವನ್ನು ಸಿಡಿಯಿಂದಲೋ ಪೆನ್‌ಡ್ರೈವಿನಿಂದಲೋ ಬೂಟ್ ಮಾಡಬೇಕು.

ನನ್ನ ಕೈಯಲ್ಲಿ ಇದ್ದದ್ದು ಒಂದೇ ಒಂದು ಸಾಧಾರಣ ಖಾತೆ. ಅದರ ಪಾಸ್‌ವರ್ಡು ಮಾನಿಟರಿನ ಮೇಲೇ ಚೀಟಿ ಅಂಟಿಸಿಕೊಂಡು ಕೂತಿತ್ತು!

ಲಾಗಿನ್ ಆಗಿ ಮೊದಲು ಡಿಮೆಸೇಜ್ ಕೊಟ್ಟು ಕರ್ನೆಲ್ ಏನು ಗೊಣಗ್ತಾ ಇದೆ ನೋಡಿದೆ. (ಆ ಕಾಲದ ಸೆಂಟ್‌ಒಎಸ್‌ನಲ್ಲಿ ಅದಕ್ಕೆ ರೂಟ್ ಬೇಕಿರಲಿಲ್ಲ.) ಐಓ ಎರರ್, ಸೆಕ್ಟರ್ ನಂಬರು, ಮತ್ತೆ ಐಓ ಎರರ್, ಇನ್ನೊಂದು ಸೆಕ್ಟರ್ ನಂಬರು. ಯಂತ್ರ ನಿಲ್ಲದೆ 412 ದಿನದಿಂದ ಓಡಿತ್ತು. ಹೊರಗೆ ಮಳೆ. ಇನ್ವರ್ಟರ್ ಬ್ಯಾಟರಿ "ಹತ್ತು ನಿಮಿಷ ಬರುತ್ತೆ, ಒಮ್ಮೊಮ್ಮೆ ಅದೂ ಇಲ್ಲ" ಅಂದರು ಕಾರ್ಯದರ್ಶಿಗಳು. ಇಂಥ ಡಿಸ್ಕು ಸುತ್ತುತ್ತಾ ಇರುವಷ್ಟು ಹೊತ್ತು ಏನೋ ಸುತ್ತುತ್ತೆ, ಒಮ್ಮೆ ನಿಂತರೆ ಮತ್ತೆ ಏಳುತ್ತೆ ಅನ್ನೋ ಖಾತ್ರಿ ಇಲ್ಲ.

ಬೆಂಗಳೂರಿನ ಗೆಳೆಯನಿಗೆ ಫೋನ್ ಮಾಡಿದೆ. ಅವನು ನಕ್ಕ. "ಯಂತ್ರದ ಮುಂದೆ ಕೂತಿದೀಯಾ, ಕೀಬೋರ್ಡ್ ಕೈಯಲ್ಲಿದೆ. ರೂಟ್ ಇಲ್ಲ ಅಂತ ಅಳ್ತೀಯಲ್ಲೋ!" ಅವನು ಹೇಳಿದ್ದು ನಿಜ. ಸೆಂಟ್‌ಒಎಸ್ 5ರಲ್ಲಿ ಗ್ರಬ್ ಪರದೆ ಬಂದಾಗ ಒಂದು ಕೀಲಿ ಒತ್ತಿ 'ಸಿಂಗಲ್' ಅಂತ ಸೇರಿಸಿದರೆ ಸಾಕು, ಪಾಸ್‌ವರ್ಡನ್ನೇ ಕೇಳದೆ ರೂಟ್ ಆಗಿ ಒಳಗೆ ಬಿಟ್ಟುಕೊಳ್ಳುತ್ತೆ. ಆದರೆ ಅದಕ್ಕೆ ರೀಬೂಟ್ ಆಗಬೇಕು. "ಹಾಗಾದ್ರೆ ಡರ್ಟಿ ಕೌ ಓಡಿಸು" ಅಂದ. ಅದು 2016ರಲ್ಲಿ ಬಯಲಾದ ಕರ್ನೆಲ್ ದೋಷ, ಸಾಧಾರಣ ಬಳಕೆದಾರನನ್ನು ರೂಟ್ ಮಾಡಿಬಿಡುತ್ತೆ. ಕರ್ನೆಲ್ ಕುಸಿದು ಬಿದ್ದರೂ ಬೀಳಬಹುದು. ಈ ಡಿಸ್ಕಿನ ಮೇಲೆ ಆ ಜೂಜು ಬೇಡ ಅನಿಸಿತು. ಅದಲ್ಲದೆ, ಇನ್ನೊಬ್ಬರ ಮನೆಗೆ ಸಹಾಯಕ್ಕೆ ಅಂತ ಬಂದವನು ಹೆಂಚು ತೆಗೆದು ಒಳಗಿಳಿಯೋದು ಯಾಕೋ ಮನಸ್ಸಿಗೆ ಒಗ್ಗಲಿಲ್ಲ.

ಸರಿ, ರೂಟ್ ಇಲ್ಲದೆ ಎಷ್ಟಾಗುತ್ತೋ ಅಷ್ಟು ಎತ್ತೋಣ ಅಂತ ಶುರು ಮಾಡಿದೆ.

ಮೊದಲು ಡೇಟಾಬೇಸ್. ಮೈಎಸ್‌ಕ್ಯೂಎಲ್‌ನ ಮೂಲ ಫೈಲುಗಳನ್ನು ಸಾಧಾರಣ ಖಾತೆ ಮುಟ್ಟುವಂತಿಲ್ಲ. ಆದರೆ ಮೇಷ್ಟ್ರ ಪಿಎಚ್‌ಪಿ ತಂತ್ರಾಂಶ ಡೇಟಾಬೇಸಿಗೆ ಹೋಗಲೇಬೇಕಲ್ಲ, ಅದರ ಸಂರಚನಾ ಫೈಲಿನಲ್ಲಿ ಡೇಟಾಬೇಸಿನ ಬಳಕೆದಾರ ಹೆಸರು, ಪಾಸ್‌ವರ್ಡ್ ಎರಡೂ ಇದ್ದವು. ಅದನ್ನಿಟ್ಟುಕೊಂಡು ಮೈಎಸ್‌ಕ್ಯೂಎಲ್‌ಡಂಪ್ ಓಡಿಸಿ, ಸಾಯ್ತಾ ಇರೋ ಡಿಸ್ಕಿನ ಮೇಲೆ ಒಂದಕ್ಷರವನ್ನೂ ಬರೆಯದೆ ನೇರವಾಗಿ ನನ್ನ ಲ್ಯಾಪ್‌ಟಾಪಿಗೆ ಹರಿಸಿದೆ. ಹತ್ತೇ ನಿಮಿಷದ ಕೆಲಸ. ಗೆದ್ದೆ ಅಂದುಕೊಂಡು ಫೈಲು ತೆರೆದರೆ... ಕನ್ನಡವೇ ಇಲ್ಲ! ಪರದೆ ತುಂಬ ತಲೆ ಮೇಲೆ ಓರೆಗೀಟು ಹೊತ್ತ ಇಂಗ್ಲಿಷ್ 'ಎ' ಅಕ್ಷರ, ಅದರ ಭುಜದ ಮೇಲೊಂದು ಪುಟ್ಟ 2 ಅಥವಾ 3, ಆಮೇಲೊಂದು ಏನೋ ಚಿಹ್ನೆ. ಸಾಲು ಸಾಲು, ಪುಟ ಪುಟ ಅದೇ.

ಎರಡು ಲೋಟ ಕಾಫಿ ಆದ ಮೇಲೆ ತಲೆ ಓಡಿತು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರ ಚಿಹ್ನೆಗೂ ಮೂರು ಬೈಟು. ಮೊದಲನೆಯದು ಎಲ್ಲಕ್ಕೂ ಒಂದೇ, ಎರಡನೆಯದು ಎರಡೇ ಬಗೆ. ಅದಕ್ಕೇ ಆ ಗೀಟು ಹೊತ್ತ 'ಎ', ಆ 2 ಮತ್ತು 3. ಮೈಎಸ್‌ಕ್ಯೂಎಲ್ ಹುಟ್ಟಿದ್ದು ಸ್ವೀಡನ್ನಿನ ಕಂಪನಿಯಲ್ಲಿ. ನಾವು ಬೇರೆ ಹೇಳದಿದ್ದರೆ ಅದು ಅಕ್ಷರಗಳನ್ನೆಲ್ಲ ಲ್ಯಾಟಿನ್-1 ಅಂತಲೂ, ಅವುಗಳ ಅಕಾರಾದಿಯನ್ನು ಸ್ವೀಡಿಷ್ ಅಂತಲೂ ತಿಳಿಯುತ್ತಿತ್ತು. ಈ ಪದ್ಧತಿ ಬದಲಾಗಿದ್ದು 2018ರಲ್ಲಿ ಬಂದ 8.0 ಆವೃತ್ತಿಯಲ್ಲಿ. ಅಂದರೆ ನಮ್ಮ ಮಾಸಪತ್ರಿಕೆಗಳ ಲೇಖಕರೆಲ್ಲ ಹತ್ತು ವರ್ಷ ಆ ಪೆಟ್ಟಿಗೆಯೊಳಗೆ ಸ್ವೀಡಿಷ್ ಪ್ರಜೆಗಳಾಗಿ ಬಾಳಿದ್ದರು! ಬೈಟುಗಳು ಸರಿಯಾಗೇ ಇದ್ದವು, ಡಂಪ್ ಮಾಡುವಾಗ ಅವನ್ನು 'ಲ್ಯಾಟಿನ್' ಅಂತ ನಂಬಿ ಇನ್ನೊಮ್ಮೆ ಯುಟಿಎಫ್-8ಕ್ಕೆ ತಿರುಗಿಸಿದ್ದರಿಂದ ಈ ಅವತಾರ. ಡಂಪಿಗೂ ಲ್ಯಾಟಿನ್-1 ಅಂತಲೇ ಹೇಳಿ, ಏನನ್ನೂ ತಿರುಗಿಸಬೇಡ ಅಂತ ಮತ್ತೆ ಓಡಿಸಿದೆ. ಅಚ್ಚ ಕನ್ನಡ ಬಂತು. ಆ ಗಳಿಗೆಯ ಖುಷಿ ಹೇಳಿ ಪ್ರಯೋಜನ ಇಲ್ಲ, ನಿಮಗೇ ಗೊತ್ತಿರುತ್ತೆ.

ಆಮೇಲೆ ಉಳಿದ ಫೈಲುಗಳು. ಟಾರ್‌ಗೆ ಇಡೀ ಡಿಸ್ಕನ್ನು ಕಟ್ಟಲು ಹೇಳಿ, ಎಸ್‌ಎಸ್‌ಎಚ್ ಮೂಲಕ ಈಚೆಗೆ ಎಳೆದೆ. ಟಾರ್‌ನ ಒಂದು ಗುಣ ನನಗೆ ಇಷ್ಟ. ಮೂಟೆ ಕಟ್ಟುವವನು ಯಾರೇ ಆಗಿರಲಿ, ಪ್ರತಿ ಫೈಲಿನ ನಿಜವಾದ ಯಜಮಾನ ಯಾರು ಅಂತ ಅದು ಬರೆದಿಟ್ಟುಕೊಳ್ಳುತ್ತೆ. ಓದಲಾಗದ್ದು ಸಿಕ್ಕರೆ ನಿಲ್ಲೋದಿಲ್ಲ, 'ಪರ್ಮಿಷನ್ ಡಿನೈಡ್' ಅಂತ ಗೊಣಗಿ ಮುಂದೆ ಹೋಗುತ್ತೆ. ಆ ಗೊಣಗಾಟವನ್ನೆಲ್ಲ ಒಂದು ಬೇರೆ ಫೈಲಿಗೆ ಹಿಡಿದಿಟ್ಟೆ.

ರಾತ್ರಿ ಹನ್ನೊಂದಕ್ಕೆ ಆ ಪಟ್ಟಿ ಓದುತ್ತಾ ಕೂತಾಗ ಆಶ್ಚರ್ಯವಾಯಿತು. ರೂಟ್ ಇಲ್ಲದೆ ಸಿಗದೇ ಹೋಗಿದ್ದು ಎಷ್ಟು ಕಡಿಮೆ! ಪಾಸ್‌ವರ್ಡುಗಳಿರುವ ಶ್ಯಾಡೋ ಫೈಲು, ಎಸ್‌ಎಸ್‌ಎಚ್‌ನ ಕೀಲಿಗಳು, ಗ್ರಬ್‌ನ ಸಂರಚನೆ, ಲಾಗುಗಳು. ಇವು ಯಾವುವೂ ಹೊಸ ಯಂತ್ರಕ್ಕೆ ಬೇಡವೇ ಬೇಡ. ಅಲ್ಲಿಗೆ ಹೊಸ ಬೀಗ, ಹೊಸ ಕೀಲಿ ಹಾಕ್ತೀವಲ್ಲ. ನಿಜವಾಗಿ ಮುಚ್ಚಿದ್ದ ಬಾಗಿಲು ಬೇರೆ: ಬಳಕೆದಾರರ ಹೋಮ್ ಫೋಲ್ಡರುಗಳು. ಸೆಂಟ್‌ಒಎಸ್ ಅವನ್ನು 700 ಪರ್ಮಿಷನ್ನಿನಲ್ಲಿ ಇಡುತ್ತೆ, ಯಜಮಾನನನ್ನು ಬಿಟ್ಟು ಇನ್ಯಾರೂ ಇಣುಕುವ ಹಾಗಿಲ್ಲ.

ಯಾರು ಯಾರಿದ್ದಾರೆ ಅಂತ ಪಾಸ್‌ವರ್ಡ್ ಫೈಲು ತೆರೆದೆ. ಹೆಸರಿಗೆ ಪಾಸ್‌ವರ್ಡ್ ಫೈಲು, ಪಾಸ್‌ವರ್ಡುಗಳು ಅದರಿಂದ ಎದ್ದು ಶ್ಯಾಡೋಗೆ ಹೋಗಿ ಎಷ್ಟೋ ಕಾಲವಾಯಿತು. ಈಗ ಅದು ಯಾರು ಬೇಕಾದರೂ ಓದಬಹುದಾದ ಹಾಜರಿ ಪುಸ್ತಕ. ಸೆಂಟ್‌ಒಎಸ್ 5ರಲ್ಲಿ ಮನುಷ್ಯರ ಸಂಖ್ಯೆ 500ರಿಂದ ಶುರು. 500 ಮೇಷ್ಟ್ರು. 501 ನಾನು ಕೂತಿದ್ದ ವಾಚನಾಲಯದ ಖಾತೆ. 502 ಸೂಚಿ ಟೈಪ್ ಮಾಡುತ್ತಿದ್ದ ಹುಡುಗಿ. 503 ಊರಿನ ಹಿರಿಯರೊಬ್ಬರು. 504 ಟ್ರೈನಿಂಗಿಗೆ ಅಂತ ಬಂದು ಹೋದ ಯಾವನೋ ಹುಡುಗ. ಆ ಪುಣ್ಯಾತ್ಮ ತನ್ನ ಫೋಲ್ಡರಿಗೆ 777 ಕೊಟ್ಟು ಊರಿಗೆಲ್ಲ ಬಾಗಿಲು ತೆರೆದಿಟ್ಟಿದ್ದ. ಒಳಗೆ ಎರಡು ಜಿಬಿ ಸಿನಿಮಾ ಹಾಡು! ಟಾರ್ ಅದನ್ನೂ ನಿಷ್ಠೆಯಿಂದ ಹೊತ್ತು ತಂದಿತ್ತು.

ಉಳಿದವರು ಮೂವರು. ರೂಟ್ ಇದ್ದಿದ್ದರೆ ಈ ಮೂವರು ಇದ್ದಾರೆ ಅಂತಲೂ ನನಗೆ ತಿಳೀತಿರಲಿಲ್ಲ. ಒಂದೇ ಏಟಿಗೆ ಎಲ್ಲ ಬಾಚಿಕೊಂಡು ಬಸ್ಸು ಹತ್ತಿರುತ್ತಿದ್ದೆ. ಈಗ ಒಬ್ಬೊಬ್ಬರನ್ನೇ ಕೇಳಬೇಕಾಯಿತು.

ಭಾನುವಾರ ಬೆಳಿಗ್ಗೆ ಮೊದಲು ಮೇಷ್ಟ್ರಿಗೆ ಫೋನ್. ಮೈಸೂರಿನಲ್ಲಿ ಮಗಳ ಮನೆಯಲ್ಲಿದ್ದರು.

"ರೂಟ್ ಪಾಸ್‌ವರ್ಡಾ? 2012ರಲ್ಲಿ ಬದಲಾಯಿಸಿ ಡೈರಿಯಲ್ಲಿ ಬರೆದಿಟ್ಟಿದ್ದೆ ಕಣಪ್ಪ. ಮನೆ ಖಾಲಿ ಮಾಡೋವಾಗ ಆ ಡೈರಿ ಹಳೇ ಪೇಪರಿನವನ ಪಾಲಾಯ್ತು. ನಂದೇ ತಪ್ಪು."

"ಬಿಡಿ ಸಾರ್, ನಿಮ್ಮ ಸ್ವಂತ ಖಾತೆದು ನೆನಪಿದೆಯಾ?"

"ಅದು ನೆನಪಿಲ್ದೆ ಏನು, ದಿನಾ ಹೊಡೀತಿದ್ದೆನಲ್ಲ!"

ಅವರ ಫೋಲ್ಡರಿನಲ್ಲಿ ತಂತ್ರಾಂಶದ ಮೂಲಪ್ರತಿ, ದಿನಾಂಕ ಹಾಕಿ ಬರೆದ ಟಿಪ್ಪಣಿಗಳು ಎಲ್ಲ ಒಪ್ಪವಾಗಿದ್ದವು. ಯಾವ ಕೋಷ್ಟಕ ಯಾಕೆ ಹೀಗಿದೆ, ಎಲ್ಲಿ ತಾವು ತಪ್ಪು ಮಾಡಿದೆವು ಅಂತ ಕೂಡ ಬರೆದಿದ್ದರು. ನಮ್ಮ ಆಫೀಸಿನಲ್ಲಿ ಅಂಥ ಟಿಪ್ಪಣಿ ನಾನು ಕಂಡಿಲ್ಲ.

502ರ ಹುಡುಗಿ ಈಗ ಹುಬ್ಬಳ್ಳಿಯಲ್ಲಿ ಸಂಸಾರಸ್ಥೆ. ಕಾರ್ಯದರ್ಶಿಗಳು ನಂಬರು ಹುಡುಕಿಕೊಟ್ಟರು. ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಸರ್, ಅದರಾಗ 'ಸೂಚಿ' ಅಂತ ಒಂದು ಫೋಲ್ಡರ್ ಐತಿ. ಕಡೆ ಎರಡು ತಿಂಗಳದ್ದು ಟೈಪ್ ಮಾಡಿದ್ದು, ಮೇಲೆ ಹಾಕೋದಿತ್ತು. ಅಷ್ಟರಾಗ ಮದುವಿ ಆತು. ಅದನ್ನ ತಗೋರಿ. ಉಳಿದಿದ್ದು ಬ್ಯಾಡ್ರಿ, ಅದರಾಗ ನನ್ನ ಸ್ವಂತದ್ದು ಅದಾವು."

ಪಾಸ್‌ವರ್ಡ್ ಹೇಳಿದರು. ಎರಡನೇ ಪ್ರಯತ್ನಕ್ಕೆ ಬಾಗಿಲು ತೆರೆಯಿತು. 'ಸೂಚಿ' ಮಾತ್ರ ತೆಗೆದುಕೊಂಡೆ. ಡೇಟಾಬೇಸಿನಲ್ಲಿ ಇಲ್ಲದ ಮುನ್ನೂರಕ್ಕೂ ಹೆಚ್ಚು ನಮೂದುಗಳು ಅದರಲ್ಲಿದ್ದವು. ಆ ಫೋಲ್ಡರಿನ ಪಕ್ಕದಲ್ಲಿ ಇನ್ನೂ ಕೆಲವು ಹೆಸರುಗಳು ಕಂಡವು, ಕಣ್ಣು ತಪ್ಪಿಸಿದೆ. ಹತ್ತಾರು ವರ್ಷ ಈ ಕೆಲಸ ಮಾಡಿದ್ದೇನೆ, ನೂರಾರು ಜನರ ಫೋಲ್ಡರುಗಳನ್ನು ಅತ್ತಿಂದಿತ್ತ ಸಾಗಿಸಿದ್ದೇನೆ. ಯಾರೊಬ್ಬರೂ ನನಗೆ 'ಇಷ್ಟು ತಗೋ, ಇಷ್ಟು ಬಿಡು' ಅಂತ ಹೇಳಿರಲಿಲ್ಲ. ಹೇಳಿರಲಿಲ್ಲ ಅಂದರೆ, ನಾನೇ ಕೇಳಿರಲಿಲ್ಲ.

ಇನ್ನು 503. ಆ ಹಿರಿಯರು ದಿನಾ ಸಂಜೆ ಬಂದು ಅಲ್ಲೇ ಕೂತು ಊರಿನ ಬಗ್ಗೆ, ಹಳೆಯ ಮನೆತನಗಳ ಬಗ್ಗೆ ಏನೋ ಟೈಪ್ ಮಾಡುತ್ತಿದ್ದರಂತೆ. 2014ರಲ್ಲಿ ತೀರಿಕೊಂಡರು. ಫೋಲ್ಡರಿನ ಒಳಗೆ ಏನಿದೆ, ಎಷ್ಟಿದೆ ಅಂತ ಕಾಣುವ ಹಾಗಿರಲಿಲ್ಲ. ಕಂಡಿದ್ದು ಅದರ ಕಡೆಯ ತಿದ್ದುಪಡಿಯ ದಿನಾಂಕ ಮಾತ್ರ, 2013ರ ನವೆಂಬರ್. ದಾವಣಗೆರೆಯಲ್ಲಿದ್ದ ಅವರ ಮಗನಿಗೆ ಫೋನ್ ಮಾಡಿದೆ.

"ಅಪ್ಪ ಬರೀತಾ ಇದ್ರು ಅಂತ ಗೊತ್ತು. ಅದು ಅಲ್ಲಿದೆ ಅಂತ ಗೊತ್ತಿರಲಿಲ್ಲ. ಪಾಸ್‌ವರ್ಡ್ ನಮಗೆ ಯಾರಿಗೂ ಗೊತ್ತಿಲ್ಲ. ನೀವು ತೆಗೆಯೋಕಾದ್ರೆ ತೆಗೀರಿ, ನಾನೂ ಬರ್ತೀನಿ. ಮುಂದಿನ ಭಾನುವಾರ ಆಗುತ್ತಾ?"

ಅನುಮತಿ ಸಿಕ್ಕಿತು, ಕೀಲಿ ಸಿಗಲಿಲ್ಲ. ಇದಕ್ಕೆ ರೂಟೇ ಬೇಕು, ಅಂದರೆ ರೀಬೂಟೇ ಆಗಬೇಕು. ಉಳಿದದ್ದೆಲ್ಲ ಕೈಗೆ ಬಂದಿತ್ತಲ್ಲ, ಈಗ ಆ ಅಪಾಯ ತೆಗೆದುಕೊಳ್ಳಬಹುದಿತ್ತು. ಪವರ್ ತೆಗೆಯದೆ ಕಂಟ್ರೋಲ್-ಆಲ್ಟ್-ಡಿಲೀಟ್ ಕೊಟ್ಟರೆ ಡಿಸ್ಕು ಸುತ್ತುತ್ತಲೇ ಇರುತ್ತೆ, ಪೆನ್‌ಡ್ರೈವಿನಿಂದ ಬೂಟ್ ಮಾಡಿ ಡಿಡಿರೆಸ್ಕ್ಯೂನಲ್ಲಿ ಇಡೀ ಡಿಸ್ಕಿನ ನಕಲು ತೆಗೆಯೋದು ಅಂತ ಯೋಚಿಸಿದೆ. ಆದರೆ ಅವತ್ತು ಪೆನ್‌ಡ್ರೈವ್ ಸಿದ್ಧವಿರಲಿಲ್ಲ, ರಾತ್ರಿ ಬಸ್ಸಿತ್ತು. ಮಗ ಎದುರಿಗಿದ್ದಾಗಲೇ ತೆಗೆಯೋದು ಸರಿ ಅಂತಲೂ ಅನಿಸಿತು. ಮುಂದಿನ ಭಾನುವಾರ ಅಂತ ಮಾತಾಯಿತು.

ಆ ವಾರ ಬೆಂಗಳೂರಿನಲ್ಲಿ ದಿನಾ ರಾತ್ರಿ ಕೂತು ವರ್ಚುವಲ್ ಮಷೀನ್ ಕಟ್ಟಿದೆ. ಮೇಷ್ಟ್ರ ಪಿಎಚ್‌ಪಿ ಹಳೇ ಕಾಲದ್ದು. ಅದು ಡೇಟಾಬೇಸನ್ನು ಕರೆಯುವ ರೀತಿಯನ್ನೇ ಪಿಎಚ್‌ಪಿ 7ರಲ್ಲಿ ಕಿತ್ತುಹಾಕಿದ್ದಾರೆ. ಹಾಗಾಗಿ ಹೊಸ ಲಿನಕ್ಸಿನಲ್ಲಿ ಓಡುವ ಮಾತೇ ಇಲ್ಲ. ಕೆವಿಎಂನಲ್ಲಿ ಸೆಂಟ್‌ಒಎಸ್ 5ನ್ನೇ ಹೊಸದಾಗಿ ಹಾಕಿದೆ. ಹಳೆಯದರಲ್ಲಿ ಏನೇನು ಪ್ಯಾಕೇಜ್ ಇದ್ದವು ಅಂತ ಆರ್‌ಪಿಎಂನಿಂದ ಪಟ್ಟಿ ತೆಗೆದು ತಂದಿದ್ದೆ (ಅದಕ್ಕೂ ರೂಟ್ ಬೇಡ), ಅಷ್ಟನ್ನೂ ಹಾಕಿದೆ. ಕರ್ನೆಲ್ಲು, ಬೂಟಿಗೆ ಬೇಕಾದ್ದೆಲ್ಲ ಹೊಸ ಯಂತ್ರಕ್ಕೆ ತಕ್ಕಂತೆ ತಾನೇ ಬಂತು. ಡಿಸ್ಕನ್ನೇ ಯಥಾವತ್ತಾಗಿ ಎತ್ತಿ ತಂದಾಗ ಡ್ರೈವರ್ ಸಿಗದೆ ಬೂಟ್ ಆಗದೆ ಕಾಡುತ್ತಲ್ಲ, ಆ ತಲೆನೋವು ಬರಲೇ ಇಲ್ಲ. ಅದರ ಮೇಲೆ ಟಾರ್ ಮೂಟೆಯಿಂದ ಬೇಕಾದ ಭಾಗಗಳನ್ನು ಮಾತ್ರ ಬಿಚ್ಚಿದೆ, ಅವರವರ ಫೈಲು ಅವರವರ ಹೆಸರಿಗೇ ಹೋಗಿ ಕೂತಿತು. ಡೇಟಾಬೇಸ್ ತುಂಬಿದೆ. ಬುಧವಾರ ರಾತ್ರಿ ಒಂದೂವರೆಗೆ ಹುಡುಕು ಪುಟ ತೆರೆಯಿತು. ಇಡೀ ಡಿಸ್ಕು ಈಗ ಒಂದೇ ಕ್ಯೂಕೌ ಫೈಲು. ಗೆಳೆಯನಿಗೆ ಹೇಳಿದೆ, "ನಿನ್ನ ಕೊಳಕು ಹಸು ಬೇಡ ಅಂದಿದ್ದಕ್ಕೆ ಒಳ್ಳೇ ಹಸುವೇ ಸಿಕ್ತು ನೋಡು!" (ಡರ್ಟಿ ಕೌನ ಕೌ, ಕ್ಯೂಕೌನ ಕೌ ಎರಡೂ 'ಕಾಪಿ ಆನ್ ರೈಟ್'ನ ಸಂಕ್ಷೇಪ. ಅಡ್ಮಿನ್‌ಗಳ ಹಾಸ್ಯ ಇಷ್ಟೇ, ಸಹಿಸಿಕೊಳ್ಳಿ.)

ಗುರುವಾರ ರಾತ್ರಿ ಆ ಊರಲ್ಲಿ ಕರೆಂಟ್ ಹೋಯಿತು. ಲೈನಿನ ಮೇಲೆ ಮರ ಬಿದ್ದಿತ್ತಂತೆ. ಇನ್ವರ್ಟರ್ ಹತ್ತು ನಿಮಿಷವೂ ಹಿಡಿಯಲಿಲ್ಲ. ಶುಕ್ರವಾರ ಮಧ್ಯಾಹ್ನ ಕರೆಂಟ್ ಬಂದಾಗ ಕಾರ್ಯದರ್ಶಿಗಳು ಸ್ವಿಚ್ ಹಾಕಿ, ಫೋನನ್ನು ಪೆಟ್ಟಿಗೆಯ ಹತ್ತಿರ ಹಿಡಿದು ನನಗೆ ಕೇಳಿಸಿದರು. ಟಿಕ್... ಟಿಕ್... ಟಿಕ್... ಅಷ್ಟೇ. ಡಿಸ್ಕು ಏಳಲಿಲ್ಲ.

ಭಾನುವಾರ ನಾನು ಹೋದೆ, ಮಗನೂ ಬಂದಿದ್ದರು. ಹೊಸ ಪೆಟ್ಟಿಗೆ ಇಟ್ಟು ವರ್ಚುವಲ್ ಮಷೀನ್ ಚಾಲೂ ಮಾಡಿದ್ದಾಯಿತು. ಕಾರ್ಯದರ್ಶಿಗಳು ಸೂಚಿಯಲ್ಲಿ ತಮ್ಮ ತಂದೆಯ ಹೆಸರು ಹಾಕಿ ಹುಡುಕಿ, ಎರಡು ಲೇಖನ ಬಂದಿದ್ದು ನೋಡಿ ಮಗುವಿನ ಹಾಗೆ ಖುಷಿಪಟ್ಟರು. ಮಗ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಹಳೇ ಡಿಸ್ಕನ್ನು ಏನೆಲ್ಲ ಮಾಡಿ ನೋಡಿದೆ, ಆಗಲಿಲ್ಲ. ಡೇಟಾ ರಿಕವರಿಯವರು ಹೇಳಿದ ಮೊತ್ತ ಅವರ ಕೈಗೆ ಎಟುಕುವಂಥದ್ದಲ್ಲ. "ಇರ್ಲಿ ಕೊಡಿ" ಅಂತ ಡಿಸ್ಕನ್ನು ಒಂದು ಪೇಪರಿನಲ್ಲಿ ಸುತ್ತಿ ಚೀಲದಲ್ಲಿ ಇಟ್ಟುಕೊಂಡರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ.

ಅವರು ಅನ್ನದಿದ್ದರೇನು, ನಾನು ಅಂದುಕೊಳ್ಳುತ್ತಲೇ ಇದ್ದೇನೆ. ಮೊದಲ ದಿನವೇ ಗೆಳೆಯನ ಮಾತು ಕೇಳಿದ್ದರೆ ಆ ಫೋಲ್ಡರು ಸಿಗುತ್ತಿತ್ತೇನೋ. ಕರ್ನೆಲ್ ಕುಸಿದು ಎಲ್ಲವೂ ಹೋಗುತ್ತಿತ್ತೇನೋ. ಎರಡಕ್ಕೂ ಉತ್ತರ ಇಲ್ಲ. ಆದರೆ ಭಾನುವಾರ ಸಂಜೆ ಅನುಮತಿ ಕೈಯಲ್ಲಿದ್ದಾಗ ಬಸ್ ಟಿಕೆಟ್ ರದ್ದು ಮಾಡಿ ಉಳಿಯಬಹುದಿತ್ತು, ಅದಕ್ಕೆ ಮಾತ್ರ ನೆಪ ಹುಡುಕಲು ಮನಸ್ಸು ಒಪ್ಪೋದಿಲ್ಲ. ರೂಟ್ ಅಂದರೆ ಯಾರನ್ನೂ ಕೇಳದೆ ಬಾಗಿಲು ತೆರೆಯುವ ಅಧಿಕಾರ ಅಂತ ಅಲ್ಲಿಯವರೆಗೆ ತಿಳಿದಿದ್ದೆ, ಅದಿಲ್ಲದೆಯೂ ನಡೆಯುತ್ತೆ ಅಂತ ಹುಬ್ಬಳ್ಳಿಯ ಆ ಹೆಣ್ಣುಮಗಳು ತೋರಿಸಿಕೊಟ್ಟರು. ಕೇಳಲು ಯಾರೂ ಉಳಿದಿಲ್ಲದ ಬಾಗಿಲೂ ಇರುತ್ತೆ, ಅಂಥ ಬಾಗಿಲಿಗಾಗಿಯೇ ಯಾರಾದರೂ ಒಬ್ಬರು ಆ ಕೀಲಿಯನ್ನು ಜೋಪಾನ ಮಾಡಿರಬೇಕು ಅಂತ ಗೊತ್ತಾಗಿದ್ದು ಆ ಶುಕ್ರವಾರ.

ಈಗ ಆ ವರ್ಚುವಲ್ ಮಷೀನಿನ ರೂಟ್ ಪಾಸ್‌ವರ್ಡ್ ಎರಡು ಲಕೋಟೆಯಲ್ಲಿದೆ. ಒಂದು ವಾಚನಾಲಯದ ಬೀರುವಿನಲ್ಲಿ, ಒಂದು ಕಾರ್ಯದರ್ಶಿಗಳ ಮನೆಯಲ್ಲಿ, ಅಂಟು ಹಾಕಿ ಸಹಿ ಮಾಡಿ. ಸೆಂಟ್‌ಒಎಸ್ 5ಕ್ಕೆ 2017ರ ಮಾರ್ಚಿಗೇ ಆಯುಷ್ಯ ಮುಗಿದಿದ್ದರಿಂದ ಅದಕ್ಕೆ ಇಂಟರ್ನೆಟ್ ತೋರಿಸಿಲ್ಲ, ಒಳಮನೆಯ ಜಾಲದಲ್ಲಷ್ಟೇ ಓಡುತ್ತೆ. ಪ್ರತಿ ತಿಂಗಳು ಅದರ ಫೈಲಿನ ಒಂದು ನಕಲು ನನ್ನ ಹತ್ತಿರವೂ ಬರುತ್ತೆ.

ಬಳಕೆದಾರರ ಪಟ್ಟಿಯಲ್ಲಿ 503ನ್ನು ತೆಗೆದಿಲ್ಲ. ಆ ಹೆಸರಿನಲ್ಲೊಂದು ಖಾಲಿ ಫೋಲ್ಡರ್ ಮಾಡಿದ್ದೇನೆ, ಪರ್ಮಿಷನ್ 700.